ಸೀಮೆಸುಣ್ಣದ ಗುಡ್ಡಗಳಲ್ಲಿ ಬೈಸಿಕಲ್ ದಾರಿ

ಕನ್ನಡದಲ್ಲಿ ‘ಸೀಮೆ’ ಎಂಬುದು ಸ್ವಾರಸ್ಯವಾದ ಮಾತು. ಎಲ್ಲೆ, ಗಡಿ ಎಂಬುದು ಅದರ ಮೂಲಾರ್ಥ. ಆದರೆ ಕಡಲಾಚೆಯಿಂದ ಬಂದಿಳಿದ ವಸ್ತುಗಳಿಗೆಲ್ಲ ನಮ್ಮ ಹಿರಿಯರು ಆ ಮಾತನ್ನೇ ವಿಶೇಷಣವಾಗಿ ಅಂಟಿಸಿಬಿಟ್ಟರು. ಸೀಮೆಎಣ್ಣೆ ಬಂದಿತು, ಸೀಮೆಬದನೆ ಬಂದಿತು, ಸೀಮೆಹಸು ಬಂದಿತು. ಊರಿನ ಶಾಲೆಯ ಕರಿಹಲಗೆಗೆ ಸೀಮೆಸುಣ್ಣವೂ ಬಂದಿತು. ಬೆರಳಿಗೆ ಮೆತ್ತಿದ ಬಿಳಿಯ ಹುಡಿಯನ್ನು ಚಡ್ಡಿಗೆ ಒರೆಸಿಕೊಳ್ಳುತ್ತಿದ್ದ ವಯಸ್ಸಿನಲ್ಲಿ, ಈ ಸುಣ್ಣದ ಸೀಮೆ ಯಾವುದು ಎಂದು ನಾನು ಕೇಳಿದವನಲ್ಲ. ಬಹಳ ವರ್ಷಗಳ ಮೇಲೆ, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸಸೆಕ್ಸ್ ಪ್ರಾಂತದಲ್ಲಿ, ಬಾಡಿಗೆಯ ಬೈಸಿಕಲ್ಲೊಂದನ್ನು ಗುಡ್ಡದ ಮೇಲಕ್ಕೆ ತಳ್ಳಿಕೊಂಡು ಹೋಗಿ ಏದುಸಿರು ಬಿಡುತ್ತ ನಿಂತಾಗ, ಬೂಟಿನ ಮೇಲೆಲ್ಲ ಅದೇ ಬಿಳಿಯ ಹುಡಿ ಕೂತಿರುವುದನ್ನು ಕಂಡೆ. ಇಂದು ಶಾಲೆಗಳಲ್ಲಿ ಬಳಸುವ ಕಡ್ಡಿ ಬಹುಮಟ್ಟಿಗೆ ಜಿಪ್ಸಮ್ಮಿನದು, ನಿಜ. ಆದರೆ ಮೂಲದ ಸೀಮೆಸುಣ್ಣವೆಂದರೆ ಇಂಥ ಗುಡ್ಡಗಳ ಕಲ್ಲೇ.

ಈ ಅಲ್ಪ ಅವಧಿಯಲ್ಲಿ ನಾನು ಹೇಳಹೊರಟಿರುವುದು ಆ ಗುಡ್ಡಗಳ ನಡುವಣ ದಾರಿಗಳ ಕಥೆಯನ್ನು. ದಾರಿಯ ಜಾಡನ್ನು ಹಾಕಿಕೊಟ್ಟವು ಗುಡ್ಡ ಮತ್ತು ನದಿ. ಆದರೆ ಯಾವ ಕೆಲಸದ ನೆಪವೂ ಇಲ್ಲದೆ, ಯಾರ ಅಪ್ಪಣೆಯೂ ಇಲ್ಲದೆ, ಬರಿಯ ಸಂತೋಷಕ್ಕಾಗಿ ಆ ದಾರಿಯಲ್ಲಿ ದೂರದೂರ ಹೋಗುವ ಸ್ವಾತಂತ್ರ್ಯವನ್ನು ಸಾಮಾನ್ಯ ಜನಕ್ಕೆ ದೊರಕಿಸಿದ್ದು ಬೈಸಿಕಲ್ಲು. ಅದು ಸುಲಭವಾಗಿ ದೊರೆತದ್ದೂ ಅಲ್ಲ.

ಮೊದಲು ನೆಲದ ಮಾತು. ಈ ಗುಡ್ಡಗಳಿಗೆ ‘ಡೌನ್ಸ್’ ಎಂದು ಹೆಸರು. ಇಂಗ್ಲಿಷಿನಲ್ಲಿ ‘ಡೌನ್’ ಎಂದರೆ ಕೆಳಗೆ ಎಂದು ಕಲಿತವರಿಗೆ ಇದು ತಮಾಷೆಯಾಗಿ ಕಾಣುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಆ ಪದದ ಅರ್ಥವೇ ಗುಡ್ಡ. ‘ಗುಡ್ಡದಿಂದ ಆಚೆಗೆ’ ಎಂಬ ನುಡಿ ಸವೆದು ಸವೆದು ‘ಕೆಳಗೆ’ ಎಂಬ ಅರ್ಥ ಉಳಿಯಿತು. ಸುಮಾರು 10 ಕೋಟಿ ವರ್ಷಗಳಿಂದ 6 ಕೋಟಿ 60 ಲಕ್ಷ ವರ್ಷಗಳ ಹಿಂದಿನವರೆಗೆ ಇಲ್ಲಿ ಬೆಚ್ಚನೆಯ ಸಮುದ್ರವಿತ್ತು. ಅದರಲ್ಲಿ ತೇಲುತ್ತಿದ್ದ, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಜೀವಿಗಳ ಸುಣ್ಣದ ಚಿಪ್ಪುಗಳು ಸತ್ತು ತಳಕ್ಕಿಳಿದು, ಪದರದ ಮೇಲೆ ಪದರ ಕೂಡಿ ಈ ಕಲ್ಲಾಯಿತು. ವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್‌ಲಿ 1868ರಲ್ಲಿ ನಾರ್ವಿಚ್ ನಗರದ ಕೂಲಿಕಾರರ ಮುಂದೆ ಒಂದು ಚೂರು ಸೀಮೆಸುಣ್ಣವನ್ನೇ ವಿಷಯವಾಗಿ ಇಟ್ಟುಕೊಂಡು ಭಾಷಣ ಮಾಡಿ, ಭೂಮಿಯ ಚರಿತ್ರೆಯನ್ನು ಅವರಿಗೆ ತಿಳಿಯಹೇಳಿದನು. ತನ್ನ ಕೊನೆಯ ವರ್ಷಗಳನ್ನು ಆತ ಕಳೆದದ್ದು ಇದೇ ಗುಡ್ಡಸಾಲಿನ ಬುಡದ ಈಸ್ಟ್‌ಬರ್ನ್ ಪಟ್ಟಣದಲ್ಲಿ.

ಆಲ್ಪ್ಸ್ ಪರ್ವತಗಳನ್ನು ಮೇಲೆತ್ತಿದ ಒತ್ತಡವೇ ಇಲ್ಲಿಯ ನೆಲವನ್ನೂ ಕಮಾನಿನಂತೆ ಉಬ್ಬಿಸಿತು. ಆ ಉಬ್ಬಿನ ನೆತ್ತಿಯನ್ನು ಮಳೆಯೂ ಹಿಮವೂ ಸವೆಸಿ ತೆಗೆದುಹಾಕಿದುವು. ಹೊಟ್ಟೆ ಒಡೆದ ಮಡಕೆಯ ಎರಡು ಅಂಚುಗಳಂತೆ ಉತ್ತರದಲ್ಲೊಂದು, ದಕ್ಷಿಣದಲ್ಲೊಂದು ಗುಡ್ಡಸಾಲು ಉಳಿದುವು: ನಾರ್ತ್ ಡೌನ್ಸ್, ಸೌತ್ ಡೌನ್ಸ್. ನಡುವಣ ಜೇಡಿಮಣ್ಣಿನ, ಮರಳುಕಲ್ಲಿನ, ಕಾಡಿನ ನಾಡು ವೀಲ್ಡ್. ದಕ್ಷಿಣದ ಸಾಲಿನ ಉತ್ತರ ಮುಖ ಗೋಡೆಯಂತೆ ಕಡಿದು. ದಕ್ಷಿಣ ಮುಖ ಸಮುದ್ರದ ಕಡೆಗೆ ಮೆಲ್ಲನೆ ಇಳಿಜಾರು. ವೀಲ್ಡಿನಲ್ಲಿ ಹುಟ್ಟಿದ ನಾಲ್ಕು ನದಿಗಳು, ಆರುನ್, ಅಡೂರ್, ಊಸ್, ಕುಕ್‌ಮಿಯರ್, ಈ ಗೋಡೆಯನ್ನು ಅಡ್ಡಲಾಗಿ ಕೊರೆದು ಕಡಲು ಸೇರುತ್ತವೆ.

ಬೈಸಿಕಲ್ ಸವಾರನಿಗೆ ಈ ಭೂವಿವರವೆಲ್ಲ ಪುಸ್ತಕದ ವಿಷಯವಲ್ಲ, ತೊಡೆಯ ಸ್ನಾಯುಗಳ ವಿಷಯ. ಅವನಿಗೆ ಮೂರು ಬಗೆಯ ದಾರಿಗಳುಂಟು. ನದಿ ಕೊರೆದ ಕಣಿವೆಯಲ್ಲಿ ಹೋದರೆ ಸಮತಟ್ಟು. ಗುಡ್ಡದ ಉತ್ತರದ ಬುಡದಲ್ಲಿ ಹೋದರೆ ನೆರಳು, ನೀರು, ಊರಿನ ಮೇಲೆ ಊರು. ಸುಣ್ಣಕಲ್ಲು ಮಳೆನೀರನ್ನು ಒಡನೆಯೇ ಹೀರಿಬಿಡುವುದರಿಂದ ಗುಡ್ಡದ ಮೇಲೆ ಹಳ್ಳವಿಲ್ಲ, ತೊರೆಯಿಲ್ಲ. ಆ ನೀರೆಲ್ಲ ಬುಡದಲ್ಲಿ ಒರತೆಯಾಗಿ ಹೊರಬೀಳುತ್ತದೆ, ಒರತೆಯಿದ್ದಲ್ಲಿ ಹಳ್ಳಿ. ಫುಲ್ಕಿಂಗ್, ಡಿಚ್ಲಿಂಗ್, ಪ್ಲಂಪ್ಟನ್, ಫರ್ಲ್ ಎಂದು ದಾರದಲ್ಲಿ ಪೋಣಿಸಿದಂತೆ ಊರುಗಳು ಕೂತಿರುವುದು ಇದರಿಂದಲೇ. ಮೂರನೆಯದು ಗುಡ್ಡವನ್ನೇ ಏರುವ ದಾರಿ. 814 ಅಡಿ ಎತ್ತರದ ಡಿಚ್ಲಿಂಗ್ ಬೀಕನ್ ಎಂಬ ಶಿಖರಕ್ಕೆ ಉತ್ತರದಿಂದ ಏರುವ ರಸ್ತೆ ಹೆಚ್ಚುಕಡಿಮೆ ಒಂದು ಮೈಲಿಯಲ್ಲಿ ಸುಮಾರು 450 ಅಡಿ ಮೇಲೇರುತ್ತದೆ. ನಾನು ಬೈಸಿಕಲ್ಲನ್ನು ತಳ್ಳಿಕೊಂಡು ಹೋದೆ ಎಂದೆನಲ್ಲ, ಅದು ಇಲ್ಲಿಯೇ. ನನ್ನನ್ನು ದಾಟಿ ಹೋದ ಹಿರಿಯರೊಬ್ಬರು ಪೆಡಲನ್ನು ಬಿಡದೆ ಏರಿ, ಮೇಲೆ ನನಗಾಗಿ ಕಾದಿದ್ದು, ನನ್ನ ಬೂಟನ್ನು ನೋಡಿ ನಕ್ಕರು.

ಮರುದಿನ ನಾನು ಹಿಡಿದದ್ದು ನದಿಯ ದಾರಿ. ಲೂಯಿಸ್ ಪಟ್ಟಣದಿಂದ ಊಸ್ ನದಿಯ ಬಲದಂಡೆಯಲ್ಲೇ ದಕ್ಷಿಣಕ್ಕೆ ಹೊರಟರೆ ರಾಡ್ಮೆಲ್, ಸೌತೀಸ್ ಎಂಬ ಪುಟ್ಟ ಹಳ್ಳಿಗಳು. ಎಡಕ್ಕೆ ಹಸುಗಳು ಮೇಯುವ ಜೌಗುಹುಲ್ಲುಗಾವಲು, ಬಲಕ್ಕೆ ಬೋಳುಗುಡ್ಡ. ರಾಡ್ಮೆಲ್ಲಿನಲ್ಲಿ ವರ್ಜಿನಿಯಾ ವುಲ್ಫ್ 1919ರಿಂದ ಇದ್ದಳು. ಈ ಸೀಮೆಯ ದಾರಿಗಳಲ್ಲಿ ಅವಳೂ ಬೈಸಿಕಲ್ ತುಳಿದವಳೇ. 1941ರ ಮಾರ್ಚಿಯಲ್ಲಿ ಅವಳು ಪ್ರಾಣ ನೀಗಿದ್ದು ಇದೇ ನದಿಯಲ್ಲಿ. ನ್ಯೂಹೇವನ್ ರೇವಿನಲ್ಲಿ ನದಿ ಮುಗಿಯುತ್ತದೆ. ದಾರಿ ಎಡಕ್ಕೆ ತಿರುಗಿ ಸೀಫರ್ಡ್ ದಾಟಿ, ಕುಕ್‌ಮಿಯರ್ ನದಿ ಹಾವಿನಂತೆ ಡೊಂಕುಡೊಂಕಾಗಿ ಮಲಗಿರುವಲ್ಲಿಗೆ ಇಳಿಯುತ್ತದೆ. ಆ ಡೊಂಕುಗಳಲ್ಲಿ ಇಂದು ಹರಿವಿಲ್ಲ. 1840ರ ದಶಕದಲ್ಲಿ ಪಕ್ಕದಲ್ಲಿಯೇ ನೇರವಾದ ಕಾಲುವೆ ತೋಡಿ ನೀರನ್ನು ಅತ್ತ ತಿರುಗಿಸಿದರು. ಅಲ್ಲಿಂದ ಮತ್ತೆ ಏರು: ಫ್ರಿಸ್ಟನ್, ಈಸ್ಟ್ ಡೀನ್, ಬರ್ಲಿಂಗ್ ಗ್ಯಾಪ್, ಕೊನೆಗೆ 530 ಅಡಿ ಎತ್ತರದಿಂದ ಕಡಲಿಗೆ ಕಡಿದು ಬೀಳುವ ಬೀಚಿ ಹೆಡ್ ಎಂಬ ಬಿಳಿಯ ಗೋಡೆ. ಲೂಯಿಸಿನಿಂದ ಈಸ್ಟ್‌ಬರ್ನಿಗೆ ಒಟ್ಟು ಸುಮಾರು 25 ಮೈಲಿ. ಗುಡ್ಡ, ಕಣಿವೆ, ಕಡಲು ಮೂರೂ ಒಂದೇ ಹಗಲಿನಲ್ಲಿ.

ಇಷ್ಟು ಹೇಳಿದರೆ ಪ್ರವಾಸದ ವರ್ಣನೆಯಾದೀತು; ಚರಿತ್ರೆಯಾಗದು. ಈ ಹಗಲಿನ ಸಂತೋಷಕ್ಕೆ ಬೆಲೆ ತೆತ್ತವರಾರು ಎಂಬುದು ಚರಿತ್ರೆ.

ಲಂಡನ್ನಿನಿಂದ ಬ್ರೈಟನ್ ಕಡಲೂರಿಗೆ ಹೋಗುವ 54 ಮೈಲಿಯ ದಾರಿ ಒಂದು ಕಾಲಕ್ಕೆ ಕುದುರೆಸಾರೋಟುಗಳಿಂದ ಗಿಜಿಗುಡುತ್ತಿತ್ತು. 1841ರಲ್ಲಿ ರೈಲುದಾರಿ ಪೂರ್ತಿಯಾಯಿತು. ಸಾರೋಟುಗಳು ನಿಂತುವು, ದಾರಿಯ ಪಕ್ಕದ ತಂಗುಮನೆಗಳು ಬಿಕೋ ಎಂದುವು, ರಸ್ತೆಯಲ್ಲಿ ಹುಲ್ಲು ಬೆಳೆಯಿತು. ಸುಂಕ ಪಡೆದು ರಸ್ತೆ ನೋಡಿಕೊಳ್ಳುತ್ತಿದ್ದ ಮಂಡಳಿಗಳು ಒಂದೊಂದಾಗಿ ಮುಚ್ಚಿದುವು. ಹೀಗೆ ದಿಕ್ಕಿಲ್ಲದೆ ಬಿದ್ದಿದ್ದ ದಾರಿಯ ಮೇಲೆ 1869ರ ಫೆಬ್ರವರಿಯಲ್ಲಿ ಮೂವರು ತರುಣರು, ಜಾನ್ ಮೇಯಲ್, ರೌಲಿ ಟರ್ನರ್, ಚಾರ್ಲ್ಸ್ ಸ್ಪೆನ್ಸರ್, ಪ್ಯಾರಿಸಿನಿಂದ ಬಂದ ಹೊಸ ಮಾದರಿಯ ಎರಡು ಚಕ್ರದ ಯಂತ್ರಗಳನ್ನೇರಿ ಬ್ರೈಟನ್ನಿಗೆ ಹೊರಟರು. ರಬ್ಬರು ಟೈರಿಲ್ಲ, ಸರಪಳಿಯಿಲ್ಲ. ಮರದ ಗಾಲಿಗೆ ಕಬ್ಬಿಣದ ಪಟ್ಟಿ. ದಿನವೆಲ್ಲ ತುಳಿದು ತಲುಪಿದ ಈ ಸಾಹಸವನ್ನು ‘ಟೈಮ್ಸ್’ ಪತ್ರಿಕೆ ಅಚ್ಚರಿಯಿಂದ ವರದಿ ಮಾಡಿತು. ರೈಲು ಅದೇ ದೂರವನ್ನು ಒಂದೆರಡು ಗಂಟೆಗಳಲ್ಲಿ ಮುಗಿಸುತ್ತಿದ್ದ ಕಾಲದಲ್ಲಿ ಇಷ್ಟು ಕಷ್ಟಪಟ್ಟು ಹೋದುದು ಏತಕ್ಕೆ? ಏತಕ್ಕೂ ಅಲ್ಲ. ಹೊಸತನವಿದ್ದುದು ಆ ‘ಏತಕ್ಕೂ ಅಲ್ಲ’ ಎಂಬುದರಲ್ಲಿಯೇ.

ರಸ್ತೆಯ ಹಳೆಯ ಒಡೆಯರಿಗೆ ಇದು ಸಹನೆಯಾಗಲಿಲ್ಲ. 1876ರಲ್ಲಿ, ಲಂಡನ್ನಿನ ಉತ್ತರಕ್ಕಿರುವ ಸೇಂಟ್ ಆಲ್ಬನ್ಸ್ ದಾರಿಯಲ್ಲಿ, ಸಾರೋಟಿನವನು ಬೈಸಿಕಲ್ ಸವಾರನಿಗೆ ಚಾವಟಿಯಿಂದ ಹೊಡೆದನು. ಅವನ ಜೊತೆಗಾರ ಹಗ್ಗಕ್ಕೆ ಕಟ್ಟಿದ ಕಬ್ಬಿಣದ ಗುಂಡನ್ನು ಚಕ್ರದೊಳಕ್ಕೆ ಎಸೆದು ಸವಾರನನ್ನು ಕೆಡವಿದನು. ಎರಡು ವರ್ಷಗಳ ಮೇಲೆ, 1878ರಲ್ಲಿ, ಸವಾರರು ಸಂಘ ಕಟ್ಟಿಕೊಂಡರು. ಮುಂದೆ ಅದು ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಎಂದು ಪ್ರಸಿದ್ಧವಾಯಿತು. ಬೈಸಿಕಲ್ಲು ಕಾನೂನಿನ ಕಣ್ಣಿಗೆ ಒಂದು ಗಾಡಿಯೇ, ಅದಕ್ಕೂ ರಸ್ತೆಯಲ್ಲಿ ಸ್ಥಾನವಿದೆ ಎಂಬುದು ಇಡೀ ದೇಶಕ್ಕೆ ಅನ್ವಯಿಸುವಂತೆ ಶಾಸನವಾದದ್ದು 1888ರಲ್ಲಿ. ಅದೇ ವರ್ಷ ಡನ್‌ಲಪ್ ಎಂಬ ಪಶುವೈದ್ಯನು ಗಾಳಿ ತುಂಬಿದ ಟೈರನ್ನು ರೂಪಿಸಿದನು. ಅದಕ್ಕೆ ಮೂರು ವರ್ಷ ಮೊದಲೇ ಸ್ಟಾರ್ಲಿ ಎಂಬವನು ಎರಡೂ ಚಕ್ರ ಹೆಚ್ಚುಕಡಿಮೆ ಸಮನಾಗಿರುವ, ಹಿಂದಿನ ಚಕ್ರಕ್ಕೆ ಸರಪಳಿ ಹಾಕಿದ ಯಂತ್ರವನ್ನು ಮಾರುಕಟ್ಟೆಗೆ ತಂದಿದ್ದನು. ನಾವು ಇಂದಿಗೂ ತುಳಿಯುವ ಸೈಕಲ್ಲಿನ ಆಕಾರ ಅದೇ.

ಆದರೆ ಸಸೆಕ್ಸಿನ ಗುಡ್ಡಗಳಲ್ಲಿ ಟೈರಿಗೊಂದು ವೈರಿಯುಂಟು. ಸುಣ್ಣಕಲ್ಲಿನ ಪದರಗಳ ನಡುವೆ ಗಂಟುಗಂಟಾಗಿ ಚಕಮಕಿ ಕಲ್ಲು ಕೂತಿರುತ್ತದೆ. ರಸ್ತೆಗೆ ಹಾಸಲು ಸುಲಭವಾಗಿ ಸಿಗುತ್ತಿದ್ದುದು ಅದೇ. ಒಡೆದರೆ ಅದರ ಅಂಚು ಕ್ಷೌರದ ಕತ್ತಿ. ಬೇಸಿಗೆಯಲ್ಲಿ ಬಿಳಿಯ ಧೂಳು, ಮಳೆಗಾಲದಲ್ಲಿ ಬೆಣ್ಣೆಯಂತೆ ಜಾರುವ ಕೆಸರು. ‘ರಸ್ತೆ ಸರಿಯಿಲ್ಲ’ ಎಂದು ಗೊಣಗುವುದು ಎಲ್ಲ ದೇಶದವರ ಸ್ವಭಾವ. ಈ ಸವಾರರು ಗೊಣಗಿ ಸುಮ್ಮನಾಗಲಿಲ್ಲ. 1886ರಲ್ಲಿ ರಸ್ತೆ ಸುಧಾರಣೆಗೆಂದೇ ಒಂದು ಸಂಸ್ಥೆಯನ್ನು ಹುಟ್ಟುಹಾಕಿ, ಕಲ್ಲನ್ನು ಯಾವ ಗಾತ್ರಕ್ಕೆ ಒಡೆಯಬೇಕು, ಹೇಗೆ ಹಾಸಬೇಕು ಎಂದು ಕರಪತ್ರಗಳನ್ನು ಹಂಚಿದರು. ಕಡಿದಾದ ಇಳಿಜಾರಿನ ನೆತ್ತಿಯಲ್ಲಿ ‘ಅಪಾಯ’ ಎಂಬ ಹಲಗೆಗಳನ್ನು ತಮ್ಮ ಹಣದಿಂದಲೇ ನಿಲ್ಲಿಸಿದರು. ತಂಗುಮನೆಗಳೊಂದಿಗೆ ಊಟ ವಸತಿಯ ದರ ಗೊತ್ತುಮಾಡಿಕೊಂಡು, ಒಪ್ಪಿದವರ ಬಾಗಿಲಿಗೆ ರೆಕ್ಕೆಯುಳ್ಳ ಚಕ್ರದ ಲಾಂಛನವನ್ನು ತೂಗುಹಾಕಿದರು. ರೈಲು ಕೊಂದ ದಾರಿಗೆ ಮತ್ತೆ ಉಸಿರು ಬಂದಿತು.

ಈ ಸಂತೋಷ ಮೊದಮೊದಲು ಅನುಕೂಲಸ್ಥರದು. ದೊಡ್ಡ ಮುಂಗಾಲಿಯ ಯಂತ್ರವನ್ನು ಕೊಳ್ಳಲು ಹಣ ಬೇಕು, ಅದರಿಂದ ಬೀಳಲು ಎದೆಗಾರಿಕೆ ಬೇಕು. ಆದರೆ 1890ರ ದಶಕ ಮುಗಿಯುವ ಹೊತ್ತಿಗೆ ಬೆಲೆ ಇಳಿದು, ಎರಡನೆಯ ಕೈಯ ಯಂತ್ರಗಳೂ ಸಿಗತೊಡಗಿ, ಅಂಗಡಿಯ ಗುಮಾಸ್ತನ ಕೈಗೂ ಅದು ಎಟುಕಿತು. ಆ ಗುಮಾಸ್ತನ ಬಾಳು ಎಂಥದು ಎಂಬುದನ್ನು ಎಚ್. ಜಿ. ವೆಲ್ಸನ ಜೀವನದಿಂದ ತಿಳಿಯಬಹುದು. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಅವನನ್ನು ಕಡಲದಂಡೆಯ ಸೌತ್‌ಸೀ ಊರಿನ ಬಟ್ಟೆಯಂಗಡಿಯೊಂದಕ್ಕೆ ಸೇರಿಸಿದರು. ದಿನಕ್ಕೆ 13 ಗಂಟೆಗಳ ದುಡಿಮೆ. ರಾತ್ರಿ ಇತರ ಹುಡುಗರೊಂದಿಗೆ ಸಾಲುಮಂಚದ ಕೋಣೆಯಲ್ಲಿ ನಿದ್ರೆ. ತಾಯಿ ಸೌತ್ ಡೌನ್ಸಿನ ನೆತ್ತಿಯ ಮೇಲಿರುವ ಅಪ್‌ಪಾರ್ಕ್ ಎಂಬ ಶ್ರೀಮಂತರ ಮನೆಯಲ್ಲಿ ಆಳುಕಾಳುಗಳ ಮೇಲ್ವಿಚಾರಕಳು. 1883ರ ಒಂದು ಭಾನುವಾರ ಬೆಳಗ್ಗೆ ಈ ಹುಡುಗ ಬರಿಹೊಟ್ಟೆಯಲ್ಲಿ 17 ಮೈಲಿ ನಡೆದು, ಸುಣ್ಣದ ಗುಡ್ಡವನ್ನೇರಿ, ಚರ್ಚಿನಿಂದ ಮರಳುತ್ತಿದ್ದ ತಾಯಿಯ ಮುಂದೆ ನಿಂತು, ಆ ಅಂಗಡಿಯಿಂದ ನನ್ನನ್ನು ಬಿಡಿಸು ಎಂದು ಅಂಗಲಾಚಿದನು. ಬಿಡುಗಡೆ ದೊರೆಯಿತು, ಗುಡ್ಡದ ಆಚೆಯ ಮಿಡ್‌ಹರ್ಸ್ಟ್ ಊರಿನ ಶಾಲೆಯಲ್ಲಿ ಓದುತ್ತ ಓದಿಸುತ್ತ ಅವನು ಬೇರೆ ಮನುಷ್ಯನಾದನು.

ಹದಿಮೂರು ವರ್ಷಗಳ ಮೇಲೆ, 1896ರಲ್ಲಿ, ವೆಲ್ಸ್ ‘ದಿ ವೀಲ್ಸ್ ಆಫ್ ಚಾನ್ಸ್’ ಎಂಬ ಕಾದಂಬರಿಯನ್ನು ಪ್ರಕಟಿಸಿದನು. ಅದರ ನಾಯಕ ಹೂಪ್‌ಡ್ರೈವರ್ ಲಂಡನ್ನಿನ ಬಟ್ಟೆಯಂಗಡಿಯ ಗುಮಾಸ್ತ. ವರ್ಷಕ್ಕೊಮ್ಮೆ ಸಿಗುವ ಹತ್ತು ದಿನಗಳ ರಜೆಯಲ್ಲಿ ಹಳೆಯ ಬೈಸಿಕಲ್ಲೊಂದನ್ನೇರಿ, ಬಿದ್ದು ಎದ್ದು, ಗಿಲ್ಡ್‌ಫರ್ಡ್, ಮಿಡ್‌ಹರ್ಸ್ಟ್, ಚಿಚೆಸ್ಟರ್ ಹಾದು ಕಡಲ ಕಡೆಗೆ ಹೋಗುತ್ತಾನೆ. ದಾರಿಯಲ್ಲಿ ಅವನನ್ನು ಯಾರೋ ದೊಡ್ಡ ಮನುಷ್ಯನೆಂದು ಭಾವಿಸುವವರುಂಟು. ಅವನೂ ಹಾಗೆ ನಟಿಸುತ್ತಾನೆ. ಹತ್ತು ದಿನ ಮುಗಿದೊಡನೆ ಮತ್ತೆ ಅದೇ ಅಂಗಡಿಯ ಹಿಂಬಾಗಿಲು. ಓದುವಾಗ ನಗು ಬರುತ್ತದೆ; ಮುಗಿಸಿದ ಮೇಲೆ ನಗು ನಿಲ್ಲುವುದಿಲ್ಲ. ಹುಡುಗನಾಗಿದ್ದಾಗ ತಾನು ಗೋಗರೆಯಲು ಹಸಿದು ನಡೆದ ನಾಡಿನಲ್ಲಿಯೇ ತನ್ನಂಥವನೊಬ್ಬನನ್ನು ವೆಲ್ಸ್ ಹತ್ತು ದಿನದ ಮಟ್ಟಿಗೆ ರಾಜನಂತೆ ಸವಾರಿ ಮಾಡಿಸಿದನೆಂಬುದನ್ನು ನೆನೆದರೆ, ಆ ಪುಸ್ತಕದ ತೂಕ ತಿಳಿಯುತ್ತದೆ.

ಆ ಕಾದಂಬರಿಯಲ್ಲಿ ಬೈಸಿಕಲ್ಲಿನ ಮೇಲೆ ಮನೆಬಿಟ್ಟು ಹೊರಟ ತರುಣಿಯೂ ಒಬ್ಬಳಿದ್ದಾಳೆ. ಅಂಥ ತರುಣಿಯರು ಕಲ್ಪನೆಯಲ್ಲಿ ಮಾತ್ರ ಇದ್ದವರಲ್ಲ. 1893ರ ಸೆಪ್ಟೆಂಬರಿನಲ್ಲಿ ಬ್ರೈಟನ್ನಿನ 16 ವರ್ಷದ ಹುಡುಗಿ ಟೆಸ್ಸಿ ರೆನಾಲ್ಡ್ಸ್ ಲಂಡನ್ನಿಗೆ ಹೋಗಿ ಅಂದೇ ಹಿಂತಿರುಗಿದಳು. ನೂರು ಮೈಲಿಗೂ ಮಿಗಿಲಾದ ದಾರಿಯನ್ನು ಸುಮಾರು ಎಂಟೂವರೆ ಗಂಟೆಗಳಲ್ಲಿ ಮುಗಿಸಿದಳು. ಪತ್ರಿಕೆಗಳಲ್ಲಿ ಗದ್ದಲವೆದ್ದದ್ದು ಅವಳ ವೇಗಕ್ಕಿಂತ ಹೆಚ್ಚಾಗಿ ಅವಳ ಉಡುಪಿನ ಮೇಲೆ: ನೆಲ ಗುಡಿಸುವ ಲಂಗವನ್ನು ಬಿಟ್ಟು ಮೊಣಕಾಲಿನವರೆಗಿನ ಚಲ್ಲಣ ತೊಟ್ಟಿದ್ದಳು. ಅಂಥ ಉಡುಪಿಗೆ ವಿಚಾರಸಮ್ಮತವಾದ ಉಡುಪು ಎಂದೇ ಹೆಸರಾಗಿತ್ತು. 1898ರಲ್ಲಿ ಅದನ್ನು ತೊಟ್ಟು ಸರ್ರೆ ಪ್ರಾಂತದ ಆಕಮ್ ಎಂಬಲ್ಲಿಯ ತಂಗುಮನೆಗೆ ಹೋದ ಲೇಡಿ ಹಾರ್ಬರ್ಟನ್‌ಳಿಗೆ ಅಲ್ಲಿಯ ಒಡತಿ ಊಟದ ಕೋಣೆಯನ್ನು ನಿರಾಕರಿಸಿ, ಹೆಂಡ ಮಾರುವ ಕಡೆಯ ಕೋಣೆಯನ್ನು ತೋರಿಸಿದಳು. ಸೈಕಲ್ ಸಂಘ ನ್ಯಾಯಾಲಯಕ್ಕೆ ಹೋಯಿತು. 1899ರಲ್ಲಿ ಮೊಕದ್ದಮೆ ಸೋತಿತು. ಆದರೆ ಲಂಗದ ಕಾಲ ಮುಗಿಯುತ್ತ ಬಂದಿತ್ತು. ನ್ಯಾಯಾಲಯದಲ್ಲಿ ಸೋತದ್ದನ್ನು ರಸ್ತೆಯ ಮೇಲೆ ಗೆದ್ದರು.

ಇಷ್ಟೆಲ್ಲ ಪಾಡುಪಟ್ಟು ಸರಿಪಡಿಸಿದ ದಾರಿ ಸವಾರರ ಕೈಯಲ್ಲಿ ಬಹುಕಾಲ ಉಳಿಯಲಿಲ್ಲ. 1896ರ ನವೆಂಬರಿನಲ್ಲಿ, ವೇಗದ ಮಿತಿಯನ್ನು ಸಡಿಲಿಸಿದ ಶಾಸನವನ್ನು ಕೊಂಡಾಡಲು, ಮೋಟಾರುಗಳು ಲಂಡನ್ನಿನಿಂದ ಬ್ರೈಟನ್ನಿಗೇ ಮೆರವಣಿಗೆ ಹೊರಟವು. 1905ರಲ್ಲಿ ಮೋಟಾರು ಮಾಲೀಕರು ತಮ್ಮ ಸಂಘವನ್ನು ಸ್ಥಾಪಿಸಿದಾಗ, ಮುಂದೆ ಪೊಲೀಸರು ಹೊಂಚುಹಾಕಿದ್ದಾರೆಂದು ಎಚ್ಚರಿಸಲು ಬ್ರೈಟನ್ ದಾರಿಯಲ್ಲಿ ನೇಮಿಸಿದ್ದು ಬೈಸಿಕಲ್ ಸವಾರರನ್ನೇ. ಮನೆ ಕಟ್ಟಿದವನು ಬಾಗಿಲು ಕಾಯುವವನಾದ. ಡಾಂಬರು ಬಂದಿತು, ಬಿಳಿಯ ರಸ್ತೆಗಳು ಕರಿಯವಾದುವು. ಇತ್ತ ರಸ್ತೆಯಲ್ಲಿ ಗುಂಪಾಗಿ ಪಂದ್ಯ ಓಡಿಸುವುದನ್ನು ಸವಾರರ ಆಡಳಿತ ಸಂಸ್ಥೆಯೇ ಕಾನೂನಿಗೆ ಹೆದರಿ ನಿಷೇಧಿಸಿತ್ತು. ಪಂದ್ಯದ ಆಸೆಯವರು ನಸುಕಿನಲ್ಲಿ, ಕಪ್ಪು ಬಟ್ಟೆ ತೊಟ್ಟು, ಒಬ್ಬೊಬ್ಬರಾಗಿ ಗಡಿಯಾರದೊಂದಿಗೆ ಸ್ಪರ್ಧಿಸಿದರು. ಆ ಕಟ್ಟನ್ನು ಮುರಿದು ಮತ್ತೆ ಗುಂಪಿನ ಪಂದ್ಯ ನಡೆಸಲು 1942ರಲ್ಲಿ ಪರ್ಸಿ ಸ್ಟಾಲರ್ಡ್ ಎಂಬ ಹಟವಾದಿ ಬೇಕಾಯಿತು.

ಈ ಗುಡ್ಡಗಳಿಗೆ ತಮ್ಮ ಸಂತೋಷಕ್ಕಾಗಿ ಬಾರದವರೂ ಉಂಟು. ಡಿಚ್ಲಿಂಗ್ ಬೀಕನ್ನಿನ ಮೇಲಿಂದ ಬ್ರೈಟನ್ನಿನ ಕಡೆಗೆ ಇಳಿಯುವಾಗ, ಪಶ್ಚಿಮಕ್ಕೆ ಪಾಚಮ್ ಹಳ್ಳಿಯ ಮೇಲಣ ಇಳಿಜಾರಿನಲ್ಲಿ ಬಿಳಿಯ ಅಮೃತಶಿಲೆಯ ಒಂದು ಪುಟ್ಟ ಗುಮ್ಮಟವಿದೆ. ಅದರ ಹೆಸರು ‘ಛತ್ರಿ’. 1914ರ ಕೊನೆಯಿಂದ 1916ರ ಆರಂಭದವರೆಗೆ ಬ್ರೈಟನ್ನಿನ ರಾಜಭವನ ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡ ಭಾರತದ ಸಿಪಾಯಿಗಳಿಗೆ ಆಸ್ಪತ್ರೆಯಾಗಿತ್ತು. ಬ್ರೈಟನ್ನಿನ ಆಸ್ಪತ್ರೆಗಳಲ್ಲಿ ತೀರಿಕೊಂಡ ಹಿಂದೂ ಮತ್ತು ಸಿಖ್ ಸಿಪಾಯಿಗಳಲ್ಲಿ 53 ಮಂದಿಯನ್ನು ಈ ಗುಡ್ಡದ ಮೇಲೆ ದಹನಮಾಡಿ, ಅಸ್ಥಿಯನ್ನು ಕಡಲಿಗೆ ಬಿಟ್ಟರು. ಸ್ಮಾರಕವನ್ನು ಅನಾವರಣ ಮಾಡಿದ್ದು 1921ರ ಫೆಬ್ರವರಿ 1ರಂದು. ಅವರ ಹೆಸರುಗಳನ್ನು ಕೆತ್ತಿದ ಕಲ್ಲು ಪಕ್ಕದಲ್ಲಿ ನಿಂತದ್ದು 2010ರಲ್ಲಿ. ಇದಕ್ಕೆ ಎದುರಾದ ಇನ್ನೊಂದು ಸಂಗತಿಯೂ ಇದೆ. ಸಸೆಕ್ಸಿನ ಸೇನೆಯಲ್ಲಿ ಬೈಸಿಕಲ್ ಸವಾರರದೇ ಒಂದು ಪಡೆಯಿತ್ತು. 1916ರಲ್ಲಿ ಅವರಿಂದ ಬೈಸಿಕಲ್ಲುಗಳನ್ನು ತೆಗೆದುಕೊಂಡು, ಕಾಲಾಳುಗಳನ್ನಾಗಿ ಮಾಡಿ, ಭಾರತಕ್ಕೆ ಕಳುಹಿಸಿದರು. ಪಂಜಾಬಿನ ಹೊಲಗಳ ತರುಣರು ಈ ಗುಡ್ಡದ ಮೇಲೆ ಬೂದಿಯಾದರು. ಈ ಗುಡ್ಡದ ತರುಣರು ನಮ್ಮ ಗಡಿನಾಡಿನ ಬಿಸಿಲಿಗೆ ಹೋದರು. ಇಬ್ಬರಲ್ಲಿ ಯಾರೂ ದಾರಿಯನ್ನು ತಾವಾಗಿ ಆರಿಸಿಕೊಂಡವರಲ್ಲ. ಛತ್ರಿಯ ಬಳಿ ಬೈಸಿಕಲ್ಲನ್ನು ಮಲಗಿಸಿ ನಾನು ಒಂದಿಷ್ಟು ಹೊತ್ತು ಕುಳಿತಿದ್ದೆ. ತನಗೆ ಬೇಕಾದ ಕಡೆಗೆ, ಬೇಕಾದಾಗ, ಯಾವ ಕಾರಣವನ್ನೂ ಹೇಳದೆ ಹೋಗಬಲ್ಲ ಸ್ವಾತಂತ್ರ್ಯವೆಂಬುದು ಎಷ್ಟು ದೊಡ್ಡದು ಎಂದು ನನಗೆ ಮನದಟ್ಟಾದದ್ದು ಅಲ್ಲಿ.

ಯುದ್ಧದ ಮೇಲೆ ಈ ಕರಾವಳಿಯನ್ನು ನಿವೇಶನಗಳಾಗಿ ಸೀಳಿ ಮಾರುವ ಭರಾಟೆ ಹುಟ್ಟಿತು. ಜನ ಚಂದಾ ಎತ್ತಿ 1926ರಲ್ಲಿ ‘ಸೆವೆನ್ ಸಿಸ್ಟರ್ಸ್’ ಎಂಬ ಬಿಳಿಯ ಬಂಡೆಸಾಲಿನ ಹಿಂದಣ ನೆಲವನ್ನು ಉಳಿಸಿಕೊಂಡರು. 1929ರಲ್ಲಿ ಈಸ್ಟ್‌ಬರ್ನ್ ಪುರಸಭೆ ಬೀಚಿ ಹೆಡ್ಡಿನ ಸುತ್ತಣ ಗುಡ್ಡವನ್ನು ಸಾರ್ವಜನಿಕರಿಗಾಗಿ ಕೊಂಡಿತು. ಕುದುರೆಜಾಡುಗಳಲ್ಲಿ ಬೈಸಿಕಲ್ ಓಡಿಸುವ ಹಕ್ಕು 1968ರ ಶಾಸನದಿಂದ ದೊರೆಯಿತು. ಗುಡ್ಡಸಾಲಿನ ನೆತ್ತಿಯುದ್ದಕ್ಕೂ ಸಾಗುವ ಸೌತ್ ಡೌನ್ಸ್ ದಾರಿ 1972ರಲ್ಲಿ ತೆರೆಯಿತು. 2010ರಲ್ಲಿ ಇಡೀ ಸಾಲು ರಾಷ್ಟ್ರೀಯ ಉದ್ಯಾನವಾಯಿತು. ಯಾವುದೂ ತಾನಾಗಿ ಬಂದದ್ದಲ್ಲ.

ಬೀಚಿ ಹೆಡ್ಡಿನ ಹತ್ತಿರ ಬೆಲ್ ಟೂಟ್ ಎಂಬ ಹಳೆಯ ದೀಪಸ್ತಂಭವಿದೆ. ಅಲೆಗಳು ಬಂಡೆಯ ಬುಡವನ್ನು ಕೊರೆಯುತ್ತ ಬಂದು, ಅದು ಕಡಲಿಗೆ ಬೀಳುವ ಹಾಗಾದಾಗ, 1999ರಲ್ಲಿ ಇಡೀ ಕಟ್ಟಡವನ್ನೇ ಮೇಲೆತ್ತಿ 17 ಮೀಟರ್ ಒಳಕ್ಕೆ ಸರಿಸಿದರು. ನಾನು ಹೋದ ದಿನ ಅದರ ಪಕ್ಕದ ರಸ್ತೆಯಲ್ಲಿ ಶಾಲೆಯ ಮಕ್ಕಳ ಒಂದು ಗುಂಪು ಬೈಸಿಕಲ್ಲುಗಳನ್ನು ನಿಲ್ಲಿಸಿಕೊಂಡು ದಣಿವಾರಿಸಿಕೊಳ್ಳುತ್ತಿತ್ತು. ಅವರಲ್ಲೊಬ್ಬಳು ನೆಲದಿಂದ ಬಿಳಿಯ ಕಲ್ಲೊಂದನ್ನು ಆಯ್ದು, ಕರಿಯ ಡಾಂಬರಿನ ಮೇಲೆ ತನ್ನ ಹೆಸರನ್ನು ಬರೆದಳು. ಮುಂದಿನ ಮಳೆಗೆ ಅದು ಅಳಿಸಿಹೋಗಿರಬೇಕು. ಸೀಮೆಸುಣ್ಣದ ಬರಹದ ಹಣೆಬರಹವೇ ಅಷ್ಟು. ಪ್ರತಿ ತಲೆಮಾರೂ ಹಲಗೆಯ ಮುಂದೆ ನಿಂತು ಮತ್ತೆ ಬರೆಯಬೇಕು. ದಾರಿಯ ಹಕ್ಕೂ ಹಾಗೆಯೇ ಎಂದುಕೊಳ್ಳುತ್ತ ನಾನು ಈಸ್ಟ್‌ಬರ್ನಿನ ಇಳಿಜಾರಿಗೆ ಬೈಸಿಕಲ್ಲನ್ನು ಬಿಟ್ಟೆ.